ಬೀಟಾ ಕೋಶ ಸತ್ತಿಲ್ಲ, ಸೋತಿದೆ

ಮುಂಬೈಯ ಆಯುರ್ವೇದ ಅಂಗಡಿಗಳ ಕಪಾಟಿನಲ್ಲಿ ಕೆಂಗಂದು ಬಣ್ಣದ ಮರದ ಲೋಟವೊಂದು ಕಣ್ಣಿಗೆ ಬೀಳುತ್ತದೆ. ಅಂಗಡಿಯವರು ಅದನ್ನು ವಿಜಯಸಾರ್ ಎನ್ನುತ್ತಾರೆ. ಘಟ್ಟದ ಕಡೆಯ ಕನ್ನಡಿಗರಿಗೆ ಅದು ಹೊನ್ನೆ ಮರ. ರಾತ್ರಿ ನೀರು ತುಂಬಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಕಂದಾಗಿರುತ್ತದೆ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಛಾಯೆ ಮಿನುಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಬಣ್ಣ ಬಿಡುವುದು ನಿಂತರೆ ಹೊಸ ಲೋಟ. ಶುಗರ್ ಇರುವವರ ಮನೆಗೆ ಊರಿಂದ ಬರುವ ನೆಂಟರು ಉಡುಗೊರೆಯಾಗಿ ತರುವುದೂ ಉಂಟು.

ಈ ಲೋಟದ ಹಿಂದೆ ಕೇವಲ ಅಜ್ಜಿಯ ಮದ್ದಿನ ನಂಬಿಕೆ ಇಲ್ಲ, ಒಂದು ವೈಜ್ಞಾನಿಕ ಜಗಳವೂ ಇದೆ. 1980ರ ದಶಕದ ಆರಂಭದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಶೋಧಕರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಭಾರೀ ಸುದ್ದಿಯೊಂದನ್ನು ಪ್ರಕಟಿಸಿದರು. ಅಲೊಕ್ಸಾನ್ ಎಂಬ ವಿಷ ಕೊಟ್ಟು ಇಲಿಗಳ ಇನ್ಸುಲಿನ್ ಕೋಶಗಳನ್ನು ಹಾಳುಗೆಡವಿ, ಆಮೇಲೆ ಹೊನ್ನೆಯ ತೊಗಟೆಯಿಂದ ತೆಗೆದ ಎಪಿಕ್ಯಾಟೆಕಿನ್ ಕೊಟ್ಟರೆ ಆ ಕೋಶಗಳು ಮತ್ತೆ ಹುಟ್ಟುತ್ತವೆ ಎಂಬುದು ಅವರ ವಾದ. ಮಧುಮೇಹದ ಮೂಲಕ್ಕೇ ಮದ್ದು ಸಿಕ್ಕಿತೆಂದು ಹಲವರು ಹಿಗ್ಗಿದರು. ಒಂದೆರಡು ವರ್ಷ ಕಳೆಯುವುದರೊಳಗೆ ಬೇರೆ ಪ್ರಯೋಗಾಲಯಗಳು ಅದೇ ಪ್ರಯೋಗ ಮಾಡಿ ನೋಡಿದವು. ಕೋಶಗಳು ಮರುಹುಟ್ಟಿದ್ದು ಅವಕ್ಕೆ ಕಾಣಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಮಧುಮೇಹ ಪತ್ತೆಯಾದ 97 ಮಂದಿಯಲ್ಲಿ 67 ಮಂದಿಗೆ ವಿಜಯಸಾರದಿಂದ ಸಕ್ಕರೆ ಹತೋಟಿಗೆ ಬಂದಿತ್ತು. ಆದರೆ ಹೋಲಿಸಿ ನೋಡಲು ಔಷಧ ಪಡೆಯದ ಗುಂಪು ಅಲ್ಲಿರಲಿಲ್ಲ. ಸಕ್ಕರೆ ಇಳಿಯುವುದು ಒಂದು ಮಾತು, ಸೋತ ಕೋಶ ಎದ್ದು ನಿಲ್ಲುವುದು ಬೇರೆಯೇ ಮಾತು.

ಆ ಎರಡನೆಯ ಮಾತೇ ಕಳೆದ ಒಂದೂವರೆ ದಶಕದಲ್ಲಿ ಮಧುಮೇಹ ವಿಜ್ಞಾನದ ದಿಕ್ಕನ್ನು ತಿರುಗಿಸಿದೆ. ‘ಶುಗರ್ ಬಂದರೆ ಬಂತು, ಹೋಗುವುದಿಲ್ಲ’ ಎಂಬ ಮಾತಿಗೆ ಈಗ ತಿದ್ದುಪಡಿ ಬೇಕಾಗಿದೆ. ತಿದ್ದುಪಡಿ ಎಷ್ಟು, ಯಾರಿಗೆ ಅನ್ವಯ ಎಂಬುದನ್ನು ತಿಳಿಯದೆಯೇ ಮುಂಬೈಯ ಮಾರುಕಟ್ಟೆ ಅದನ್ನು ಎಲ್ಲರಿಗೂ ಮಾರುತ್ತಿದೆ.

ಒಂದು ಗ್ರಾಂ ತೂಕದ ಕಾರ್ಖಾನೆ

ಹೊಟ್ಟೆಯ ಹಿಂಭಾಗದಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜ್ಜೀರಕ ಗ್ರಂಥಿಯ ಬಹುಪಾಲು ಜೀರ್ಣರಸ ತಯಾರಿಸುತ್ತದೆ. ಅದರ ನಡುನಡುವೆ ಸುಮಾರು ಹತ್ತು ಲಕ್ಷ ಪುಟ್ಟ ದ್ವೀಪಗಳಿವೆ. 1869ರಲ್ಲಿ ಜರ್ಮನಿಯ ವೈದ್ಯವಿದ್ಯಾರ್ಥಿ ಪಾಲ್ ಲಾಂಗರ್‌ಹಾನ್ಸ್ ಸೂಕ್ಷ್ಮದರ್ಶಕದಲ್ಲಿ ಅವನ್ನು ಗುರುತಿಸಿದ. ಆ ದ್ವೀಪಗಳೊಳಗಿನ ಬೀಟಾ ಕೋಶಗಳೇ ಇನ್ಸುಲಿನ್ ಮಾಡುವವು. ಎಲ್ಲವನ್ನೂ ಒಟ್ಟುಗೂಡಿಸಿ ತೂಗಿದರೂ ಹೆಚ್ಚುಕಡಿಮೆ ಒಂದು ಗ್ರಾಂ ಅಷ್ಟೆ.

ಊಟವಾಗಿ ರಕ್ತದಲ್ಲಿ ಸಕ್ಕರೆ ಏರತೊಡಗಿದೊಡನೆ ಆರೋಗ್ಯವಂತ ಬೀಟಾ ಕೋಶ ತಾನು ಮೊದಲೇ ಮಾಡಿಟ್ಟುಕೊಂಡ ಇನ್ಸುಲಿನ್ ದಾಸ್ತಾನನ್ನು ಕೆಲವೇ ನಿಮಿಷಗಳಲ್ಲಿ ಸುರಿಯುತ್ತದೆ. ನಂತರ ನಿಧಾನವಾಗಿ ಹೊಸದನ್ನು ಬಿಡುತ್ತ ಹೋಗುತ್ತದೆ. ವಯಸ್ಕರ ಮಧುಮೇಹದಲ್ಲಿ, ಅಂದರೆ ಟೈಪ್ 2ರಲ್ಲಿ, ಮೊದಲು ಮಾಯವಾಗುವುದು ಆ ಮೊದಲ ಸುರಿತ. ಬ್ರಿಟನ್ನಿನ ಪ್ರಸಿದ್ಧ ಯುಕೆಪಿಡಿಎಸ್ ಅಧ್ಯಯನ ತೋರಿಸಿದ ಹಾಗೆ, ರೋಗ ಪತ್ತೆಯಾಗುವ ಹೊತ್ತಿಗೇ ಬೀಟಾ ಕೋಶಗಳ ಸಾಮರ್ಥ್ಯ ಅರ್ಧಕ್ಕಿಳಿದಿರುತ್ತದೆ. ಆಮೇಲೆ ವರ್ಷವರ್ಷವೂ ಇಳಿಮುಖ.

ಅರ್ಧ ಕೋಶಗಳು ಸತ್ತವೇ? ಬಹುಕಾಲ ಹಾಗೆಂದೇ ನಂಬಲಾಗಿತ್ತು. 2003ರಲ್ಲಿ ಪೀಟರ್ ಬಟ್ಲರ್ ತಂಡ ಮೃತರ ಗ್ರಂಥಿಗಳನ್ನು ಪರೀಕ್ಷಿಸಿ, ದಪ್ಪಗಿದ್ದ ಮಧುಮೇಹಿಗಳಲ್ಲಿ ಬೀಟಾ ಕೋಶಗಳು ಶೇ 63ರಷ್ಟೂ ತೆಳ್ಳಗಿದ್ದವರಲ್ಲಿ ಶೇ 41ರಷ್ಟೂ ಕಡಿಮೆಯಿದ್ದುದನ್ನು ವರದಿ ಮಾಡಿತು. ಆದರೆ 2012ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಡೊಮೆನಿಕೊ ಅಚೀಲಿ ತಂಡ ಇಲಿಗಳಲ್ಲಿ ಬೇರೊಂದು ಸಂಗತಿಯನ್ನು ಕಂಡಿತು. ಸಕ್ಕರೆಯ ಒತ್ತಡ ಹೆಚ್ಚಿದಾಗ ಬಹಳಷ್ಟು ಬೀಟಾ ಕೋಶಗಳು ಸಾಯುವುದಿಲ್ಲ; ಇನ್ಸುಲಿನ್ ಮಾಡುವ ಕಸುಬನ್ನೇ ಬಿಟ್ಟು, ಗುರುತು ಸಿಗದ ಕೋಶಗಳಾಗಿ ಅಲ್ಲೇ ಉಳಿಯುತ್ತವೆ. ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1982ರ ಗಿರಣಿ ಮುಷ್ಕರದ ಬಳಿಕ ಪರೇಲು, ಲಾಲ್‌ಬಾಗ್‌ನ ಚಾಳುಗಳಿಂದ ಕಾರ್ಮಿಕರು ಕಾಣೆಯಾಗಲಿಲ್ಲ, ಮಗ್ಗ ಬಿಟ್ಟು ತರಕಾರಿ ಗಾಡಿ ಹಿಡಿದರು. ಎಣಿಕೆಗೆ ಹೋದವನಿಗೆ ನೇಕಾರರು ಸಿಗಲಿಲ್ಲ, ಮನುಷ್ಯರು ಮಾತ್ರ ಅಲ್ಲೇ ಇದ್ದರು.

ಕೋಶ ಸತ್ತಿದ್ದರೆ ಹೊಸದನ್ನು ತಂದು ಕೂರಿಸಬೇಕು. ಕಸುಬು ಬಿಟ್ಟಿದ್ದರೆ ವಾಪಸು ಕರೆಯಬಹುದು. ಇಡೀ ಆಸೆ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ನ್ಯೂಕ್ಯಾಸಲ್‌ನ ಎಂಟು ವಾರ

ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ 2008ರಲ್ಲಿ ಒಂದು ಊಹೆ ಮುಂದಿಟ್ಟರು. ಮೈ ತಾಳುವುದಕ್ಕಿಂತ ಹೆಚ್ಚು ತಿಂದಾಗ ಕೊಬ್ಬು ಮೊದಲು ಲಿವರ್‌ನಲ್ಲಿ, ಅಲ್ಲಿಂದ ಹರಿದು ಮೇದೋಜ್ಜೀರಕದಲ್ಲಿ ಶೇಖರವಾಗುತ್ತದೆ, ಬೀಟಾ ಕೋಶಗಳನ್ನು ಉಸಿರುಗಟ್ಟಿಸುವುದು ಈ ಕೊಬ್ಬೇ ಎಂದು. ಪರೀಕ್ಷಿಸಲು 11 ಮಂದಿ ಮಧುಮೇಹಿಗಳಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿ ಆಹಾರ ಕೊಟ್ಟರು. 2011ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯರನ್ನು ಕುರ್ಚಿಯ ತುದಿಗೆ ತಂದಿತು. ಒಂದೇ ವಾರದಲ್ಲಿ ಲಿವರ್ ಕೊಬ್ಬು ಇಳಿದು ಖಾಲಿ ಹೊಟ್ಟೆಯ ಸಕ್ಕರೆ ಸಹಜಕ್ಕೆ ಬಂತು. ಎಂಟನೇ ವಾರಕ್ಕೆ ಗ್ರಂಥಿಯ ಕೊಬ್ಬು ಶೇ 8ರಿಂದ 6.2ಕ್ಕೆ ಇಳಿದಿತ್ತು, ಕಳೆದೇಹೋಯಿತೆಂದುಕೊಂಡಿದ್ದ ಇನ್ಸುಲಿನ್‌ನ ಮೊದಲ ಸುರಿತ ಮರಳಿತ್ತು.

ಮುಂದೆ ಗ್ಲಾಸ್ಗೋದ ಮೈಕ್ ಲೀನ್ ಜೊತೆಗೂಡಿ ಅವರು ನಡೆಸಿದ್ದು ‘ಡೈರೆಕ್ಟ್’ ಪ್ರಯೋಗ. ರೋಗ ಪತ್ತೆಯಾಗಿ ಆರು ವರ್ಷದೊಳಗಿನ 298 ಮಂದಿಯನ್ನು ತೆಗೆದುಕೊಂಡರು. ಅರ್ಧದಷ್ಟು ಜನರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿಯ ಸೂಪು, ಶೇಕುಗಳು ಮಾತ್ರ. ಮುಂಬೈಯ ಲೆಕ್ಕದಲ್ಲಿ ಹೇಳುವುದಾದರೆ ಇಡೀ ದಿನದ ಆಹಾರ ಮೂರು ವಡಾಪಾವ್‌ಗಿಂತ ಕಡಿಮೆ. ವರ್ಷದ ಕೊನೆಗೆ ಆ ಗುಂಪಿನ ಶೇ 46 ಮಂದಿ ಮಾತ್ರೆಯಿಲ್ಲದೆ ಮಧುಮೇಹದ ಗೆರೆಯಿಂದ ಕೆಳಗಿದ್ದರು. 15 ಕಿಲೋಗಿಂತ ಹೆಚ್ಚು ಇಳಿಸಿದವರಲ್ಲಂತೂ ಶೇ 86. ಹತೋಟಿಗೆ ಬಂದವರ ಮೇದೋಜ್ಜೀರಕ, ಎರಡು ವರ್ಷಗಳಲ್ಲಿ ಗಾತ್ರದಲ್ಲೂ ಐದನೇ ಒಂದರಷ್ಟು ಬೆಳೆದು ಸಹಜ ಆಕಾರಕ್ಕೆ ಹತ್ತಿರವಾದದ್ದನ್ನು ಎಂಆರ್‌ಐ ತೋರಿಸಿತು.

ಕಥೆಯ ಉಳಿದರ್ಧವನ್ನು ಜಾಹೀರಾತುಗಳು ಹೇಳುವುದಿಲ್ಲ. ಎರಡನೇ ವರ್ಷಕ್ಕೆ ಶೇ 46 ಎಂಬುದು 36ಕ್ಕೆ ಇಳಿಯಿತು. ಐದು ವರ್ಷದವರೆಗೆ ಬೆಂಬಲದೊಂದಿಗೆ ಮುಂದುವರಿದ 85 ಮಂದಿಯಲ್ಲಿ ಕೊನೆಗೆ ಹಾಗೇ ಉಳಿದವರು 11. ತೂಕ ಮರಳಿದರೆ ಸಕ್ಕರೆಯೂ ಮರಳುತ್ತದೆ.

ತೆಳ್ಳಗಿದ್ದೂ ಶುಗರ್

ಇವೆಲ್ಲ ದಪ್ಪ ಮೈಯ ಬಿಳಿಯರ ಲೆಕ್ಕ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್‌ನಲ್ಲಿ ನಿಂತು ಬರುವ ಸಣಕಲು ಗುಮಾಸ್ತನ ಕಥೆಯೇನು?

ಅದಕ್ಕೆ ಉತ್ತರ ಮುಂಬೈಯಿಂದ ಮೂರು ಗಂಟೆ ದಾರಿಯ ಪುಣೆಯಲ್ಲಿದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರ ‘ಲ್ಯಾನ್ಸೆಟ್’ನಲ್ಲಿ ಅಕ್ಕಪಕ್ಕ ನಿಂತ ತಮ್ಮದೇ ಫೋಟೋ ಅಚ್ಚು ಹಾಕಿಸಿದರು. ಇಬ್ಬರ ದೇಹತೂಕ ಸೂಚ್ಯಂಕ (ಬಿಎಂಐ) ಒಂದೇ, 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನೋಡಲು ತೆಳು, ಒಳಗೆ ಕೊಬ್ಬು. 1993ರಿಂದ ಪುಣೆಯ ಸುತ್ತಲಿನ ಹಳ್ಳಿಗಳ ಬಸುರಿಯರನ್ನೂ ಅವರ ಮಕ್ಕಳನ್ನೂ ಗಮನಿಸುತ್ತ ಬಂದಿರುವ ಯಾಜ್ಞಿಕ್ ತಂಡಕ್ಕೆ, ಕಡಿಮೆ ತೂಕದ ಕೂಸಿನಲ್ಲೂ ಈ ಗುಣ ಕಂಡಿತ್ತು.

ಪುಣೆಯ ಇನ್ನೊಂದು ಅಧ್ಯಯನ ಇದಕ್ಕಿಂತ ಕಳವಳಕಾರಿ. 45 ವರ್ಷದೊಳಗೆ ಟೈಪ್ 2 ಬಂದ 1,600ಕ್ಕೂ ಹೆಚ್ಚು ಮಂದಿಯನ್ನು ವಿಂಗಡಿಸಿದಾಗ ಅರ್ಧಕ್ಕಿಂತ ಹೆಚ್ಚು ಜನ ‘ತೀವ್ರ ಇನ್ಸುಲಿನ್ ಕೊರತೆ’ಯ ಗುಂಪಿಗೆ ಬಿದ್ದರು ಎಂದು 2022ರ ವರದಿ ಹೇಳಿತು. ಯುರೋಪಿನಲ್ಲಿ ದೊಡ್ಡ ಪಾಲು ಬೊಜ್ಜು ಮತ್ತು ವಯಸ್ಸಿನದು. ಇಲ್ಲಿ ಬೀಟಾ ಕೋಶದ ಬಡತನದ್ದು. ಗಂಟು ಮೊದಲೇ ಸಣ್ಣದು, ಅದು ಕರಗುವುದೂ ಬೇಗ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ತೆಳ್ಳಗಿನವರಿಗೂ ಬಾಗಿಲು ಮುಚ್ಚಿಲ್ಲ. ಟೇಲರ್ ತಂಡವೇ ಬಿಎಂಐ 27ಕ್ಕಿಂತ ಕಡಿಮೆಯಿದ್ದ 20 ಮಂದಿಯನ್ನು ಹಂತಹಂತವಾಗಿ ತೂಕ ಇಳಿಸಲು ಹಚ್ಚಿದಾಗ 14 ಮಂದಿ ಮಾತ್ರೆಯಿಂದ ಹೊರಬಂದರು. ಒಬ್ಬೊಬ್ಬರ ಮೈಗೂ ತಾಳುವ ಕೊಬ್ಬಿನ ಮಿತಿ ಬೇರೆ, ಕನ್ನಡಿಯಲ್ಲಿ ಅದು ಕಾಣದು. ಎರಡು, ಇನ್ಸುಲಿನ್ನೇ ಬತ್ತಿದ ಗುಂಪಿನವರು ಉಪವಾಸ ಕೂತರೆ ಲಾಭಕ್ಕಿಂತ ಅಪಾಯ ಹೆಚ್ಚು.

ಇದು ಬೆರಳೆಣಿಕೆಯವರ ಪ್ರಶ್ನೆಯಲ್ಲ. ಮುಂಬೈ ಮಹಾನಗರ ಪಾಲಿಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾದರಿಯಲ್ಲಿ 2021ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ನಗರದ ವಯಸ್ಕರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರ ಖಾಲಿ ಹೊಟ್ಟೆಯ ಸಕ್ಕರೆ ಮಧುಮೇಹದ ಮಟ್ಟದಲ್ಲಿತ್ತು. ದೇಶದ ಮಟ್ಟದಲ್ಲಿ 2023ರ ಐಸಿಎಂಆರ್–ಇಂಡಿಯಾಬ್ ಅಂದಾಜು 10.1 ಕೋಟಿ ಮಧುಮೇಹಿಗಳು, ಹೊಸ್ತಿಲಲ್ಲಿ ನಿಂತವರು 13.6 ಕೋಟಿ.

ಎರಡು ಊಟವೋ, ಎರಡು ಗಂಟೆಗೊಮ್ಮೆಯೋ

ಮಹಾರಾಷ್ಟ್ರದಲ್ಲಿ ಬೀಟಾ ಕೋಶದ ಚರ್ಚೆ ಜನರ ಬಾಯಿಗೆ ಬಂದದ್ದು ಲ್ಯಾನ್ಸೆಟ್ ಮೂಲಕ ಅಲ್ಲ, ಡಾ. ಜಗನ್ನಾಥ ದೀಕ್ಷಿತ್ ಮೂಲಕ. ಲಾತೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು, ನಾಗಪುರದ ಶ್ರೀಕಾಂತ ಜಿಚಕಾರರ ವಿಚಾರದಿಂದ ಪ್ರೇರಿತರಾಗಿ ಒಂದು ಸರಳ ಸೂತ್ರ ಹೇಳಿದರು: ನಿಜವಾದ ಹಸಿವಾಗುವ ಎರಡು ಹೊತ್ತನ್ನು ಗುರುತಿಸಿ ಆಗಷ್ಟೇ ಉಣ್ಣಿ, 55 ನಿಮಿಷದೊಳಗೆ ಮುಗಿಸಿ, ನಡುವೆ ಸಕ್ಕರೆ ಹಾಕಿದ ಚಹಾ, ಬಿಸ್ಕತ್ತು ಏನೂ ಬೇಡ, ದಿನಕ್ಕೆ 45 ನಿಮಿಷ ನಡೆಯಿರಿ. ಪದೇಪದೇ ತಿಂದಷ್ಟೂ ಇನ್ಸುಲಿನ್ ಪದೇಪದೇ ಏರುತ್ತದೆ ಎಂಬುದು ಅವರ ವಾದ. ಮರಾಠಿ ಸಭಾಂಗಣಗಳು ತುಂಬಿದವು, ವಾಟ್ಸ್‌ಆ್ಯಪ್ ಗುಂಪುಗಳು ಹುಟ್ಟಿದವು, ರಾಜ್ಯ ಸರ್ಕಾರ ಬೊಜ್ಜು ವಿರೋಧಿ ಅಭಿಯಾನಕ್ಕೆ ಅವರನ್ನೇ ರಾಯಭಾರಿ ಮಾಡಿಕೊಂಡಿತು. ಮುಂಬೈಯ ಆಹಾರತಜ್ಞೆ ರುಜುತಾ ದಿವೇಕರ್ ಇದಕ್ಕೆ ಪೂರ್ತಿ ಎದುರು ದಿಕ್ಕಿನಲ್ಲಿ, ಸ್ವಲ್ಪಸ್ವಲ್ಪವಾಗಿ ಎರಡು ಗಂಟೆಗೊಮ್ಮೆ ತಿನ್ನಿ ಎಂದು ಹೇಳುತ್ತ ಬಂದವರು. ‘ನೀವು ದೀಕ್ಷಿತ್‌ರೋ ದಿವೇಕರ್‌ರೋ?’ ಎಂಬುದು ಮದುವೆ ಪಂಕ್ತಿಯ ತಮಾಷೆಯಾಯಿತು.

ಎರಡು ಪಂಥದವರೂ ಗಡಿಯಾರ ನೋಡುತ್ತಾರೆ. ನ್ಯೂಕ್ಯಾಸಲ್‌ನ ಪುರಾವೆ ತಕ್ಕಡಿಯತ್ತ ಬೊಟ್ಟು ಮಾಡುತ್ತದೆ. ದೀಕ್ಷಿತ್ ಪದ್ಧತಿಯಲ್ಲಿ ಸಕ್ಕರೆ ಇಳಿದವರಲ್ಲಿ ಅನೇಕರ ತೂಕವೂ ಸೊಂಟವೂ ಇಳಿದಿರುತ್ತದೆ. ರಾತ್ರಿ ಹತ್ತಕ್ಕೆ ವಿರಾರ್ ತಲುಪಿ ಅನ್ನ, ಚಪಾತಿ, ಆಲೂಗಡ್ಡೆ ಪಲ್ಯ ಮೂರನ್ನೂ ಉಣ್ಣುವ ಊರಿನಲ್ಲಿ ಎರಡೇ ಊಟ ಎಂಬ ಕಟ್ಟುಪಾಡು ತನ್ನಿಂದ ತಾನೇ ಕ್ಯಾಲೊರಿ ಕತ್ತರಿಸುತ್ತದೆ. ಪದ್ಧತಿ ಶುರು ಮಾಡುವ ಮುಂಚೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) ಜೊತೆಗೆ ಖಾಲಿ ಹೊಟ್ಟೆಯ ಇನ್ಸುಲಿನ್ ಪರೀಕ್ಷೆ ಮಾಡಿಸಿ ಎಂದು ದೀಕ್ಷಿತ್ ಹೇಳುವುದುಂಟು. ಯೂಟ್ಯೂಬ್ ನೋಡಿ ನೇರವಾಗಿ ಉಪವಾಸಕ್ಕೆ ಇಳಿಯುವವರು ಬಿಟ್ಟುಬಿಡುವುದು ಇದನ್ನೇ.

ದಾಸ್ತಾನು ಅಳೆಯುವ ಬಗೆ

ಬದುಕಿರುವ ಮನುಷ್ಯನ ಬೀಟಾ ಕೋಶಗಳನ್ನು ಎಣಿಸುವ ಸುಲಭ ದಾರಿಯಿಲ್ಲ. ಆದರೆ ಅವುಗಳ ದುಡಿಮೆಯ ರಸೀದಿ ರಕ್ತದಲ್ಲಿ ಸಿಗುತ್ತದೆ. ಇನ್ಸುಲಿನ್ ತಯಾರಾಗುವಾಗ ಪ್ರೊಇನ್ಸುಲಿನ್ ಎಂಬ ಉದ್ದನೆಯ ಅಣು ತುಂಡಾಗಿ, ಒಂದು ಇನ್ಸುಲಿನ್‌ಗೆ ಒಂದರಂತೆ ಸಿ-ಪೆಪ್ಟೈಡ್ ಎಂಬ ಚೂರು ಹೊರಬೀಳುತ್ತದೆ. ಚುಚ್ಚುಮದ್ದಿನ ಇನ್ಸುಲಿನ್‌ನಲ್ಲಿ ಈ ಚೂರು ಇರುವುದಿಲ್ಲವಾದ್ದರಿಂದ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲೂ ಸ್ವಂತ ಗಳಿಕೆ ಎಷ್ಟು ಎಂದು ತಿಳಿಯಬಹುದು. ಮುಂಬೈಯ ಯಾವ ದೊಡ್ಡ ಲ್ಯಾಬಿನಲ್ಲೂ ಆಗುವ ಪರೀಕ್ಷೆ ಇದು. ಸಿ-ಪೆಪ್ಟೈಡ್ ಚೆನ್ನಾಗಿದ್ದು ಸಕ್ಕರೆ ಏರಿದ್ದರೆ ಕೋಶಗಳಿವೆ, ಒತ್ತಡದಲ್ಲಿವೆ ಎಂದರ್ಥ. ತಳ ಮುಟ್ಟಿದ್ದರೆ ಪವಾಡದ ಮಾತು ಬಿಡುವುದೇ ಕ್ಷೇಮ.

ಸೋತ ಕೋಶ ಮತ್ತೆ ಏಳಬಲ್ಲದು ಎಂಬುದನ್ನು ಬೊಜ್ಜು ಶಸ್ತ್ರಚಿಕಿತ್ಸಕರು ಮೊದಲೇ ಮನಗಂಡಿದ್ದರು. ಹೊಟ್ಟೆ–ಕರುಳಿನ ಬೈಪಾಸ್ ಆದ ಕೆಲವೇ ದಿನಗಳಲ್ಲಿ, ತೂಕ ಇಳಿಯುವ ಮುಂಚೆಯೇ, ಸಕ್ಕರೆ ಸಹಜವಾಗುವುದನ್ನು ಅಮೆರಿಕದ ವಾಲ್ಟರ್ ಪೋರಿಸ್ 1995ರಲ್ಲಿ ದಾಖಲಿಸಿದರು. ಯಾರಿಗೆ ಫಲ ಸಿಗುತ್ತದೆಂದು ಊಹಿಸಲು ತೈವಾನಿನ ವೈದ್ಯರು ಕೊಟ್ಟ ನಾಲ್ಕು ಅಂಶಗಳ ಅಂಕಪಟ್ಟಿಯಲ್ಲಿರುವುದು ವಯಸ್ಸು, ಬಿಎಂಐ, ಸಿ-ಪೆಪ್ಟೈಡ್ ಮತ್ತು ರೋಗ ಬಂದು ಎಷ್ಟು ವರ್ಷವಾಯಿತು ಎಂಬುದು. ಈ ಅಂಕಪಟ್ಟಿ ಶಸ್ತ್ರಚಿಕಿತ್ಸೆಗೆ ಹೊರಟವರಿಗಾಗಿ ಹುಟ್ಟಿದ್ದು, ಆದರೂ ಡಯಟ್ ಪುಸ್ತಕ ಕೊಳ್ಳುವವರೂ ಕೇಳಿಕೊಳ್ಳಬಹುದಾದ ನಾಲ್ಕು ಪ್ರಶ್ನೆಗಳು ಅದರಲ್ಲಿವೆ.

ಮೊದಲೇ ಚುಚ್ಚಿದರೆ ವಿಶ್ರಾಂತಿ

ಮಾಹಿಮ್‌ನ ರಹೇಜಾ ಆಸ್ಪತ್ರೆ ಮಧುಮೇಹಿಗಳಿಗೆ ಹಳೆಯ ವಿಳಾಸ. 1955ರಲ್ಲಿ ಡಾ. ಎಸ್.ಎಸ್. ಅಜಗಾಂವ್‌ಕರ್ ಮುಂಬೈಯಲ್ಲಿ ಕಟ್ಟಿದ ಡಯಾಬಿಟಿಕ್ ಅಸೋಸಿಯೇಷನ್ ಆಫ್ ಇಂಡಿಯಾದ ಕನಸಿನಿಂದ ಹುಟ್ಟಿದ್ದು ಅದು. ಅಂದಿನಿಂದ ಇಂದಿನವರೆಗೆ ನಗರದ ಮಧುಮೇಹ ವೈದ್ಯರು ಎದುರಿಸುವ ಭಯ ಒಂದೇ: ‘ಡಾಕ್ಟ್ರೇ, ಇನ್ಸುಲಿನ್ ಮಾತ್ರ ಬೇಡ, ಒಮ್ಮೆ ಶುರುವಾದರೆ ಬಿಡಿಸಲಾಗದು.’

ಚೀನಾದ ಒಂಬತ್ತು ಕೇಂದ್ರಗಳ ಪ್ರಯೋಗ ಈ ಭಯವನ್ನು ತಲೆಕೆಳಗು ಮಾಡಿದೆ. ಹೊಸದಾಗಿ ರೋಗ ಪತ್ತೆಯಾದ 382 ಮಂದಿಯಲ್ಲಿ ಕೆಲವರಿಗೆ ಆರಂಭದಲ್ಲೇ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಸಹಜಕ್ಕೆ ತಂದು, ಎರಡು ವಾರ ಹಾಗೇ ಹಿಡಿದಿಟ್ಟು, ಆಮೇಲೆ ಎಲ್ಲ ಔಷಧ ನಿಲ್ಲಿಸಲಾಯಿತು. ವರ್ಷದ ನಂತರ ಪಂಪ್ ಮೂಲಕ ಇನ್ಸುಲಿನ್ ಪಡೆದವರಲ್ಲಿ ಶೇ 51, ದಿನಕ್ಕೆ ಹಲವು ಇಂಜೆಕ್ಷನ್ ಪಡೆದವರಲ್ಲಿ ಶೇ 45 ಮಂದಿ ಔಷಧವಿಲ್ಲದೆ ಹತೋಟಿಯಲ್ಲಿದ್ದರು. ಮಾತ್ರೆಯವರಲ್ಲಿ ಶೇ 27 ಮಾತ್ರ. 2008ರ ಈ ವರದಿಯ ಸಾರ ಇಷ್ಟೆ: ಹೊರಗಿನ ಇನ್ಸುಲಿನ್ ಕೆಲದಿನ ಹೊರೆ ಹೊತ್ತರೆ ಒಳಗಿನ ಕೋಶಕ್ಕೆ ಬಿಡುವು ಸಿಗುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುವುದು ದಣಿದ ಕೋಶವನ್ನು ಇನ್ನಷ್ಟು ದುಡಿಸುವ ಸಲ್ಫೊನಿಲ್‌ಯೂರಿಯಾ ಮಾತ್ರೆಗಳು. 2006ರ ಅಡಾಪ್ಟ್ ಅಧ್ಯಯನದಲ್ಲಿ ಐದು ವರ್ಷದೊಳಗೆ ಹತೋಟಿ ತಪ್ಪಿದವರು ಈ ಜಾತಿಯ ಗ್ಲೈಬುರೈಡ್ ಗುಂಪಿನಲ್ಲಿ ಶೇ 34, ಮೆಟ್‌ಫಾರ್ಮಿನ್‌ನಲ್ಲಿ ಶೇ 21. ಅಗ್ಗವೆಂಬ ಕಾರಣಕ್ಕೆ ಸಲ್ಫೊನಿಲ್‌ಯೂರಿಯಾಗಳು ಉಳಿದುಕೊಂಡಿವೆ, ಅದೂ ಸಣ್ಣ ಕಾರಣವಲ್ಲ.

ಈಗಿನ ಸಂಚಲನ, ಕರುಳಿನ ಹಾರ್ಮೋನನ್ನು ಅನುಕರಿಸುವ ಜಿಎಲ್‌ಪಿ-1 ಚುಚ್ಚುಮದ್ದುಗಳದ್ದು. ಮುಂಬೈಯ ಗ್ಲೆನ್‌ಮಾರ್ಕ್ 2024ರ ಜನವರಿಯಲ್ಲಿ ಲಿರಾಗ್ಲುಟೈಡ್‌ನ ದೇಶೀ ರೂಪ ತಂದಿತು; 2025ರ ಮಾರ್ಚ್‌ನಲ್ಲಿ ಅದೇ ಬಗೆಯ ಮೌಂಜಾರೊ ಭಾರತಕ್ಕೆ ಕಾಲಿಟ್ಟಿತು. ತೂಕವೂ ಇಳಿಯುತ್ತದೆ, ಬೀಟಾ ಕೋಶವೂ ಚುರುಕಾಗುತ್ತದೆ. ಆದರೆ ಅಮೆರಿಕದ ‘ರೈಸ್’ ಅಧ್ಯಯನದಲ್ಲಿ ಹನ್ನೆರಡು ತಿಂಗಳ ಚಿಕಿತ್ಸೆಯಿಂದ ಸುಧಾರಿಸಿದ ಕೋಶಗಳ ಕೆಲಸ, ಔಷಧ ನಿಲ್ಲಿಸಿದ ಮೂರೇ ತಿಂಗಳಲ್ಲಿ ಮೊದಲಿನ ಸ್ಥಿತಿಗೆ ಜಾರಿತ್ತು. ಔಷಧ ಇರುವಷ್ಟು ದಿನ ಕೋಶ ದುಡಿಯುತ್ತದೆ.

ಹೊಸ ಕೋಶದ ದಾರಿ

ಸತ್ತ ಕೋಶಗಳ ಜಾಗಕ್ಕೆ ಹೊಸವನ್ನು ತರುವ ಪ್ರಯತ್ನವೂ ಬಿರುಸಾಗಿದೆ. ಶಾಂಘೈನ ಚಾಂಗ್‌ಜೆಂಗ್ ಆಸ್ಪತ್ರೆಯಲ್ಲಿ 25 ವರ್ಷದಿಂದ ಟೈಪ್ 2 ಇದ್ದ 59 ವರ್ಷದ ವ್ಯಕ್ತಿಗೆ 2021ರ ಜುಲೈನಲ್ಲಿ ಅವನದೇ ಕಾಂಡಕೋಶಗಳಿಂದ ಬೆಳೆಸಿದ ದ್ವೀಪಗಳನ್ನು ಕಸಿ ಮಾಡಲಾಯಿತು. 11 ವಾರದಲ್ಲಿ ಇನ್ಸುಲಿನ್ ನಿಂತಿತು, ವರ್ಷದೊಳಗೆ ಮಾತ್ರೆಗಳೂ ನಿಂತವು; 2024ರಲ್ಲಿ ಇದು ಪ್ರಕಟವಾಯಿತು. ಇರಾನಿನ ಮನೆಗಳಲ್ಲಿ ದೃಷ್ಟಿ ತೆಗೆಯಲು ಕೆಂಡಕ್ಕೆ ಹಾಕುವ ಎಸ್ಫಂದ್ ಕಾಳಿನಲ್ಲಿರುವ ಹಾರ್ಮಿನ್, ಜಿಎಲ್‌ಪಿ-1 ಜಾತಿಯ ಔಷಧದ ಜೊತೆ ಸೇರಿ ಇಲಿಗಳಲ್ಲಿ ನೆಟ್ಟ ಮಾನವ ಬೀಟಾ ಕೋಶಗಳನ್ನು ಹಲವು ಪಟ್ಟು ಹೆಚ್ಚಿಸಿದ್ದೂ ಅದೇ ವರ್ಷ ವರದಿಯಾಯಿತು.

ಇಂಥ ಸುದ್ದಿ ಬಂದ ಬೆನ್ನಿಗೇ ಲಕ್ಷಗಟ್ಟಲೆ ಕೇಳುವ ಸ್ಟೆಮ್‌ಸೆಲ್ ಜಾಹೀರಾತುಗಳೂ ಬರುತ್ತವೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಇಲ್ಲಿ ಸ್ಪಷ್ಟ: ಕೆಲವು ರಕ್ತಸಂಬಂಧಿ ಕಾಯಿಲೆಗಳನ್ನು ಬಿಟ್ಟರೆ ಕಾಂಡಕೋಶ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ, ಅನುಮತಿ ಪಡೆದ ಪ್ರಯೋಗದ ಹೊರಗೆ ಅದನ್ನು ಮಾರುವಂತಿಲ್ಲ. ಶಾಂಘೈನ ರೋಗಿ ಮೂತ್ರಪಿಂಡ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧವನ್ನು ಮೊದಲೇ ತೆಗೆದುಕೊಳ್ಳುತ್ತಿದ್ದವನು. ಎಲ್ಲರಿಗೂ ಆ ಲೆಕ್ಕ ಹೊಂದದು.

ಚೀಟಿ ಕೈಗೆ ಬಂದ ದಿನ

ಮಧುಮೇಹ ಹಿಂದೆ ಸರಿದಿದೆ (ರೆಮಿಷನ್) ಎನ್ನಲು 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ಅಳತೆಗೋಲು ಹೀಗಿದೆ: ಸಕ್ಕರೆಯ ಔಷಧ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ ಶೇ 6.5ಕ್ಕಿಂತ ಕೆಳಗಿರಬೇಕು. ಅಲ್ಲಿಗೆ ತಲುಪಿದವರೂ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು. ಕಣ್ಣು, ಮೂತ್ರಪಿಂಡ, ಪಾದಗಳ ತಪಾಸಣೆ ಬಿಡುವಂತಿಲ್ಲ. ಊಟ ಕಡಿಮೆ ಮಾಡುವ ದಿನವೇ ವೈದ್ಯರ ಬಳಿ ಮಾತ್ರೆಯ ಲೆಕ್ಕವನ್ನೂ ತಿದ್ದಿಸಿಕೊಳ್ಳಬೇಕು. ಇಲ್ಲದಿದ್ದರೆ ಸಲ್ಫೊನಿಲ್‌ಯೂರಿಯಾ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ಕುಸಿದು ಪ್ಲಾಟ್‌ಫಾರ್ಮಿನಲ್ಲೇ ತಲೆ ತಿರುಗಿ ಬಿದ್ದಾರು.

ಮುಂಬೈ ಪಾಲಿಕೆ 2022ರಿಂದ ಆಸ್ಪತ್ರೆಗಳಲ್ಲಿ 30 ದಾಟಿದವರ ಸಕ್ಕರೆ–ಬಿಪಿ ತಪಾಸಣೆಗೆಂದೇ ಮೂಲೆಗಳನ್ನು ತೆರೆದಿದೆ. ಅದೇ ವರ್ಷ ಶುರುವಾದ ‘ಆಪಲಾ ದವಾಖಾನಾ’ಗಳು ಕೆಲಸ ಮುಗಿಸಿ ಬರುವವರಿಗೂ ಸಿಗುವಂತೆ ರಾತ್ರಿಯವರೆಗೆ ತೆರೆದಿರುತ್ತವೆ. ಹೊಸ ರೋಗಿ ಮೊದಲು ಸಿಗುವುದು ಅಲ್ಲೇ, ಬೀಟಾ ಕೋಶ ಇನ್ನೂ ಮಾತು ಕೇಳುವ ಸ್ಥಿತಿಯಲ್ಲಿರುವ ಮೊದಲ ವರ್ಷಗಳಲ್ಲಿ. ಈಗ ಆತ ಮೆಟ್‌ಫಾರ್ಮಿನ್ ಪಟ್ಟಿ, ‘ಸಿಹಿ ಬಿಡಿ’ ಎಂಬ ಮಾತು ಎರಡನ್ನೂ ಪಡೆದು ಮನೆಗೆ ಹೋಗುತ್ತಾನೆ. ಅದೇ ಚೀಟಿಯಲ್ಲಿ ಸೊಂಟದ ಸುತ್ತಳತೆ, ಒಂದು ಸಿ-ಪೆಪ್ಟೈಡ್ ಪರೀಕ್ಷೆ, ಆರು ತಿಂಗಳಲ್ಲಿ ಇಳಿಸಬೇಕಾದ ತೂಕದ ಅಂಕಿ, ಪ್ರತಿ ತಿಂಗಳು ಕರೆದು ವಿಚಾರಿಸುವ ಆಹಾರ ಸಲಹೆಗಾರರ ಫೋನ್ ನಂಬರ್ ಸೇರಿದರೆ, ಡೈರೆಕ್ಟ್ ಪ್ರಯೋಗದ ಮುಖ್ಯ ಸಾಮಗ್ರಿಯೆಲ್ಲ ಒಂದು ವಾರ್ಡಿನ ದವಾಖಾನೆಗೇ ಬಂದಂತಾಗುತ್ತದೆ. ಬ್ರಿಟನ್ ತನ್ನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇಂಥ ಕಾರ್ಯಕ್ರಮವನ್ನು ಆಗಲೇ ನಡೆಸುತ್ತಿದೆ.